ಟವಲಿನ ಮರೆಯಲ್ಲಿ ಮಾತ್ರೆ ವ್ಯಾಪಾರ

ಕಲ್ಲುಕೊಪ್ಪಲಿನ ಪುಟ್ಟಮಲ್ಲಪ್ಪ ದನದ ದಲ್ಲಾಳಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ, ಈ ನಾಲ್ಕು ತಾಲ್ಲೂಕಿನ ಸಂತೆಗಳಲ್ಲಿ ಅವನ ಕೈ ಸೋಕದೆ ಒಂದು ಹೋರಿಯೂ ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಹೋಗುತ್ತಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದು ಮರೆತರೆ ಅವನೇ ನೆನಪಿಸುತ್ತಿದ್ದ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿ ಇರಲಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲು ತೆಗೆದು ತನ್ನ ಕೈ ಮೇಲೆ ಹೊದಿಸುತ್ತಾನೆ. ಕೊಳ್ಳುವವನು ಆ ಟವಲಿನ ಒಳಗೆ ಕೈ ತೂರಿಸುತ್ತಾನೆ. ಮೇಲೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಾರೆ, ಕೆಳಗೆ ಬೆರಳು ಬೆರಳನ್ನು ಒತ್ತಿ ಬೆಲೆ ಹೇಳುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವಲಿನ ಅಲುಗಾಟ ಮಾತ್ರ. ಈ ಕಸುಬಿನಲ್ಲಿ ಪುಟ್ಟಮಲ್ಲಪ್ಪ ಎರಡು ನೇಮ ಹಿಡಿದಿದ್ದ. ಒಂದು, ಬೇಕು ಅಂತ ಮುಖದಲ್ಲಿ ತೋರಿಸಬಾರದು. ಇನ್ನೊಂದು, ಕೈಲಾಗಲ್ಲ ಅಂತ ಬಾಯಲ್ಲಿ ಹೇಳಬಾರದು. ಗರಜು ತೋರಿಸಿದ ದಿನವೇ ದಲ್ಲಾಳಿ ಕೆಟ್ಟ ಎನ್ನುವುದು ಅವನ ಮಾತು.

ಸಂತೆಯಲ್ಲಿ ಹಿಡಿದ ನೇಮವನ್ನು ಮನೆ ಬಾಗಿಲಲ್ಲಿ ಬಿಟ್ಟು ಬರುವ ಜಾಣತನ ಅವನಿಗಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಮಲ್ಲಾಜಮ್ಮನ ಕಡೆ ತಿರುಗಿಯೂ ನೋಡದೆ, ಅವರ ಕೊಟ್ಟಿಗೆಯ ಎಮ್ಮೆಯನ್ನೇ ನೋಡುತ್ತ ಕೂತಿದ್ದನಂತೆ. "ಎಮ್ಮೆ ಕೇಳೋಕೆ ಬಂದವ್ರೆ ಅಂತ ನಮ್ಮಪ್ಪ ಬೆಲೆ ಹೇಳೋಕೆ ಹೊಂಟಿತ್ತು" ಎಂದು ಮಲ್ಲಾಜಮ್ಮ ಊರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಉಣ್ಣುವಾಗಲೂ ಹಾಗೆಯೇ. ಇನ್ನೊಂದು ಮುದ್ದೆ ಹಾಕಲೇ ಎಂದರೆ, ಹೊಟ್ಟೆ ಹಸಿದು ಕೂಗುತ್ತಿದ್ದರೂ, "ಇದ್ರೆ ಆಕು, ಇಲ್ದಿದ್ರೆ ಬುಡು" ಎಂದು ಗೋಡೆ ಕಡೆ ನೋಡುವನು.

ಮಲ್ಲಾಜಮ್ಮನ ಕಸುಬು ಇದಕ್ಕೆ ತದ್ವಿರುದ್ಧ. ಅವಳದ್ದೆಲ್ಲ ಬಾಯಿಬಿಟ್ಟ ವ್ಯಾಪಾರ. ಅವಳು ಸೋಬಾನೆ ಹಾಡುವವಳು. ಅದರಲ್ಲೂ ಬೀಗರನ್ನು ಜರಿಯುವ ಪದ ಹಾಡಬೇಕಾದರೆ ಸುತ್ತ ಹತ್ತು ಹಳ್ಳಿಯವರು ಅವಳಿಗೇ ವೀಳ್ಯ ಕೊಡಬೇಕು. ಮದುವೆಯ ಬೀಗರ ಪಂಕ್ತಿಯಲ್ಲಿ ಗಂಡಿನ ಕಡೆಯವರು ಒಂದು ಪದ ಹಾಡಿ ಛೇಡಿಸಿದರೆ, ಹೆಣ್ಣಿನ ಕಡೆಯವರು ಎಲೆ ಎತ್ತುವುದರೊಳಗೆ ತಿರುಗಿ ಹಾಡಬೇಕು. ಆಗದೆ ಹೋದರೆ, ಅದು ಅಲ್ಲಿಗೇ ಮುಗಿಯುವುದಿಲ್ಲ. ಬಾಯಿಲ್ಲದ ಮನೆಯಿಂದ ಬಂದವಳು ಎಂದು ಆ ಹೆಣ್ಣನ್ನು ಗಂಡನ ಮನೆಯಲ್ಲಿ ಮೊಮ್ಮಕ್ಕಳಾಗುವವರೆಗೂ ಆಡಿಕೊಳ್ಳುತ್ತಾರೆ.

ಹೊಸ ಪೈಸೆ ಬರುವುದಕ್ಕೆ ಎರಡು ವರ್ಷ ಮುಂಚೆ, ಅವರ ಒಬ್ಬಳೇ ಮಗಳು ಸರ್ವಮಂಗಳಳಿಗೆ ಕೆ.ಆರ್. ನಗರದ ಕಡೆ ಗಂಡು ಗೊತ್ತಾಯಿತು. ಮಾಘದಲ್ಲಿ ಮದುವೆ. ಗಂಡಿನ ತಾಯಿ ಶಿವನಂಜಮ್ಮನೂ ಸಾಮಾನ್ಯದವಳಲ್ಲ. ಅವಳ ಪದ ಕೇಳಿ ಒಬ್ಬ ಬೀಗ ಪಾಯಸ ಬಡಿಸುವ ಮುಂಚೆ ಎದ್ದು ಹೋಗಿದ್ದನೆಂದು ಪ್ರತೀತಿ. ಎರಡು ದೊಡ್ಡ ಬಾಯಿ ಎದುರುಬದುರು ಕೂರುವ ಮದುವೆ ಎಂದು ಜನ ಕಾಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಮಲ್ಲಾಜಮ್ಮನಿಗೆ ಉಸಿರು ಕೈಕೊಟ್ಟಿತು.

ಎರಡು ವರ್ಷದಿಂದ ಚಳಿಗಾಲದಲ್ಲಿ ಉಬ್ಬಸ ಇಣುಕಿ ಹೋಗುತ್ತಿತ್ತು. ಆ ಪುಷ್ಯದಲ್ಲಿ ಬಂದದ್ದು ಹೋಗಲಿಲ್ಲ. ಕಣದ ದೂಳು, ಬೆಳಗಿನ ಮಂಜು, ಒಲೆಯ ಹೊಗೆ ಎಲ್ಲ ಸೇರಿ ಅವಳ ಎದೆಯೊಳಗೆ ಸಿಳ್ಳೆ ಹಾಕತೊಡಗಿದವು. ಒಂದು ಪದದ ಮೊದಲ ಸಾಲು ಎತ್ತಿದರೆ ಎರಡನೆಯ ಸಾಲಿಗೆ ಉಸಿರಿಲ್ಲ. ಮಲಗಲಾಗದೆ ಕಂಬಕ್ಕೆ ಒರಗಿ ಕೂರುವಳು. ಸರ್ವಮಂಗಳ ಅವ್ವನ ಬೆನ್ನು ನೀವುತ್ತ, "ನೀನು ಆಡ್ದಿದ್ರೆ ಬುಡವ್ವ, ನನ್ನ ಏನಾದ್ರೂ ಅಂದ್ಕೊಳ್ಲಿ" ಎಂದಳು.

"ನಾನು ಆಡ್ದೆ ನಿನ್ನ ಆ ಮನೆಗೆ ಕಳಿಸಲ್ಲ ಕಣೆ" ಎಂದಳು ಮಲ್ಲಾಜಮ್ಮ. ಅಷ್ಟು ಹೇಳುವುದಕ್ಕೆ ನಡುವೆ ಮೂರು ಕಡೆ ನಿಲ್ಲಿಸಬೇಕಾಯಿತು.

ಹುಣಸೂರು ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಚೀಟಿ ಬರೆದುಕೊಟ್ಟರು. ಈ ಮಾತ್ರೆ ಆಸ್ಪತ್ರೆಯಲ್ಲಿ ಇಲ್ಲ, ಹೊರಗೆ ಕೊಳ್ಳಬೇಕು, ಬೆಳಿಗ್ಗೆ ಸಂಜೆ ತಪ್ಪದೆ ಒಂದು ತಿಂಗಳು ನುಂಗಿದರೆ ಮಗಳ ಮದುವೆಯಲ್ಲಿ ಓಡಾಡಬಹುದು ಎಂದರು. ಹಾಡಬಹುದೋ ಎಂದು ಮಲ್ಲಾಜಮ್ಮ ಕೇಳಿದಳು. ಡಾಕ್ಟರು ನಕ್ಕು, ಒಲೆ ಮುಂದೆ ಕೂರದಿದ್ದರೆ ಹಾಡಲೂಬಹುದು ಎಂದರು.

ಹೆಂಡತಿಯನ್ನು ಆಸ್ಪತ್ರೆ ಮುಂದೆ ಗಾಡಿಯಲ್ಲಿ ಕೂರಿಸಿ ಪುಟ್ಟಮಲ್ಲಪ್ಪ ಒಬ್ಬನೇ ಕಂಠಪ್ಪನ ಔಷಧದ ಅಂಗಡಿಗೆ ಹೋದ. ಕಂಠಪ್ಪ ಚೀಟಿ ಓದಿ, ಬೀರುವಿನಿಂದ ಒಂದು ಡಬ್ಬಿ ತೆಗೆದು, ಅಂಗಡಿ ಮುಂದೆ ನಿಂತವರೆಲ್ಲ ಕೇಳುವ ಹಾಗೆ ಬೆಲೆ ಹೇಳಿದ.

ಪುಟ್ಟಮಲ್ಲಪ್ಪನಿಗೆ ಬೆಲೆಗಿಂತ ಮುಂಚೆ ಆ ಗಂಟಲು ಚುಚ್ಚಿತು. "ಅಲ್ಲ ಸ್ವಾಮಿ, ಬೆಲೇನ ಇಂಗೆ ಬೀದೀಲಿ ಕೂಗ್ತಾರಾ?"

"ಔಷಧ ತಾನೇ ಯಜಮಾನ್ರೇ, ಮುಚ್ಚುಮರೆ ಏನಿದೆ? ಕಷ್ಟ ಆಗುತ್ತೆ ಅಂದ್ರೆ ಹೇಳಿ, ಬೇರೆ ದಾರಿ ನೋಡೋಣ."

ಕಷ್ಟವೇ ಆಗಿತ್ತು. ಮದುವೆಯ ಜವಳಿಗೆ ಕೊಟ್ಟು ಉಳಿದಿದ್ದ ದುಡ್ಡು ಆ ಡಬ್ಬಿಯ ಅರ್ಧಕ್ಕೂ ಸಾಲದು. ಆದರೆ ಎರಡನೆಯ ನೇಮ ನಾಲಿಗೆ ಹಿಡಿಯಿತು. "ಕಷ್ಟ? ನಂಗಾ? ಬೇಕು ಅಂದ್ರೆ ಈ ಬೀರು ಸಮೇತ ಎತ್ಕೊಂಡೋಗ್ತೀನಿ!" ಎಂದು ಚೀಟಿ ಕಿತ್ತುಕೊಂಡು ಹೊರಟ.

ದನದ ಸಂತೆಯಲ್ಲಿ ಗಿರಾಕಿ ಎದ್ದು ಹೋದರೆ ಮಾರುವವನು ಹಿಂದೆಯೇ ಕೂಗಿ ಕರೆಯಬೇಕು. ಪುಟ್ಟಮಲ್ಲಪ್ಪ ನಿಧಾನಕ್ಕೆ ನಡೆದ. ಪಕ್ಕದ ಅಂಗಡಿಯ ಜಗಲಿಯ ಹತ್ತಿರ ನಿಂತು ತಲೆಯ ರುಮಾಲು ಬಿಚ್ಚಿ ಕಟ್ಟಿದ. ಕೂಗು ಬರಲಿಲ್ಲ. ಚಪ್ಪಲಿ ಒದರಿದ, ಕೆಮ್ಮಿದ. ಕಂಠಪ್ಪ ಆಗಲೇ ಬೇರೆ ಯಾರಿಗೋ ಕಣ್ಣಿನ ಔಷಧ ಕೊಡುತ್ತಿದ್ದ. ಕಸುಬು ಗೊತ್ತಿಲ್ಲದವನು ಎಂದು ಪುಟ್ಟಮಲ್ಲಪ್ಪ ಮನಸ್ಸಿನಲ್ಲೇ ಬೈದುಕೊಂಡ.

ತಪ್ಪು ಎಲ್ಲಾಯಿತು ಎಂದು ಗಾಡಿ ಹೊಡೆಯುತ್ತ ಲೆಕ್ಕ ಹಾಕಿದ. ಚೀಟಿ ತೋರಿಸಿದ್ದೇ ತಪ್ಪು! ಚೀಟಿ ಅಂದರೆ ಗರಜು. ಹೋರಿ ಕೊಳ್ಳಲು ಬಂದವನು ನನ್ನ ಒಂಟಿ ಎತ್ತಿಗೆ ಜೋಡಿ ಸಿಗದೆ ಉಳುಮೆ ನಿಂತಿದೆ ಎಂದು ಮೊದಲೇ ಹೇಳಿದ ಹಾಗಾಯಿತು. ಚೀಟಿಯನ್ನು ಮಡಚಿ ರುಮಾಲಿನ ಸುತ್ತಿನೊಳಗೆ ಸಿಕ್ಕಿಸಿದ. ಹೇಗೂ ಆ ವಾರ ಸಂತೆಯಿಂದ ಸಂತೆಗೆ ದನ ಹೊಡೆದುಕೊಂಡು ಹೋಗುವುದಿತ್ತು. ಊರಿಗೊಂದು ಔಷಧದ ಅಂಗಡಿ ನೋಡಿಕೊಂಡು, ಎಲ್ಲಿ ಇಳಿಯುತ್ತದೋ ಅಲ್ಲಿ ತರುತ್ತೇನೆ ಎಂದು ಹೆಂಡತಿಗೆ ಹೇಳಿದ.

"ಬೇಗ ತನ್ನಿ. ಹೋರಿ ಅಲ್ಲ ಅದು, ಸುಳಿ ನೋಡ್ಕಂಡು ಕೂರಬೇಡಿ" ಎಂದಳು ಮಲ್ಲಾಜಮ್ಮ.

ಕೆ.ಆರ್. ನಗರದ ಅಂಗಡಿಯಲ್ಲಿ ಅವನು ಮೊದಲು ಕೊಡೆಯ ಬೆಲೆ ಕೇಳಿದ. ಔಷಧದ ಅಂಗಡಿಯಲ್ಲಿ ಕೊಡೆ ಇಲ್ಲವೆಂದರು. ಆಮೇಲೆ ಹೊರಗೆ ಹೋಗುವವನ ಹಾಗೆ ತಿರುಗಿ, ಆಗ ತಾನೆ ನೆನಪಾದಂತೆ, "ಮನೇಲಿ ಎಂಗಸಿಗೆ ಸಂಜೆ ಒತ್ತು ಒಂಚೂರು ಕೆಮ್ಮು" ಎಂದ.

"ಉಬ್ಬಸ ಏನಾದ್ರೂ ಇದೆಯಾ?"

"ಛೆ ಛೆ! ಕಲ್ಲಿನಂಗವ್ಳೆ."

ಅಂಗಡಿಯವನು ಅಳತೆಯ ಕಾಗದ ಅಂಟಿಸಿದ ಒಂದು ಬಾಟಲಿ ಮಿಕ್ಸ್ಚರ್ ಮುಂದಿಟ್ಟ. ಬೆಲೆ ಕೇಳಿದರೆ, ಕಂಠಪ್ಪ ಹೇಳಿದ್ದರ ಅರ್ಧವೂ ಇಲ್ಲ! ಪುಟ್ಟಮಲ್ಲಪ್ಪನ ಮೀಸೆ ಕುಣಿಯಿತು. ಆದರೂ ಬಾಟಲಿಯನ್ನು ಬೆಳಕಿಗೆ ಹಿಡಿದು, ಎರಡು ಹಲ್ಲಿನ ಹೋರಿಯ ಬಾಯಿ ಬಿಡಿಸಿ ನೋಡುವವನ ಹಾಗೆ ಬಿರಡೆ ತೆಗೆದು ಮೂಸಿ, "ತೆಳ್ಳಗದೆ" ಎಂದು ಕೆಳಗಿಟ್ಟು ಬಂದ. ಇಲ್ಲೇ ಇಷ್ಟು ಇಳಿದಿದ್ದರೆ ಮುಂದೆ ಇನ್ನೆಷ್ಟು ಇಳಿಯಬೇಡ?

ಪಿರಿಯಾಪಟ್ಟಣದಲ್ಲಿ ಇನ್ನೂ ಹುಷಾರಾದ. "ನಮ್ಮ ಮನೇವ್ರಿಗಲ್ಲ, ಪಕ್ಕದ ಮನೇವ್ರಿಗೆ. ಕೆಮ್ಮು ಅಂತಾನೂ ಏಳಕಾಗಲ್ಲ, ಆಗೊಂದು ಈಗೊಂದು" ಎಂದ. ಅಂಗಡಿಯವರು ಒಂದು ಪುಟ್ಟ ಸೀಸೆ ತೋರಿಸಿದರು. ಬೆಲೆ ಮತ್ತೂ ಅರ್ಧಕ್ಕಿಳಿದಿತ್ತು. ತನ್ನ ಕೈಚಳಕಕ್ಕೆ ತಾನೇ ಬೆರಗಾಗಿ, ಅದನ್ನೂ ಬಿಟ್ಟು ಮುಂದಕ್ಕೆ ನಡೆದ.

ಅಂತರಸಂತೆ ಎಂಬ ಊರಿಗೆ ಒಂದು ಜೊತೆ ಎತ್ತು ಮುಟ್ಟಿಸಿ ಕೋಟೆಗೆ ಬಂದಾಗ ಅವನು ಔಷಧದ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಎಲ್ಲೋ ನೋಡುತ್ತ, "ಯಾರಿಗೋ ಗಂಟಲಲ್ಲಿ ಕಿಚಕಿಚ ಅಂತಂತೆ, ಅಂತಾದ್ದುಕ್ಕೆ ಏನಾದ್ರೂ ಮಡಗಿದ್ದೀರಾ?" ಎಂದ. ಅಂಗಡಿಯವನು ಗಾಜಿನ ಭರಣಿಗೆ ಕೈ ಹಾಕಿ ಒಂದು ಹಿಡಿ ಬಿಳಿ ಬಿಲ್ಲೆ ತೆಗೆದು ಪೊಟ್ಟಣ ಕಟ್ಟಿದ. ಅದರ ಬೆಲೆಯನ್ನು ಟವಲಿನ ಕೆಳಗೆ ಹೇಳುವುದಕ್ಕೆ ಒಂದು ಬೆರಳೂ ಬೇಡ, ಅರ್ಧ ಬೆರಳು ಸಾಕು. ಇನ್ನು ಇಳಿಯುವುದಕ್ಕೆ ಜಾಗವಿಲ್ಲ ಎಂದು ಖಾತ್ರಿಯಾಗಿ ಪುಟ್ಟಮಲ್ಲಪ್ಪ ಕೊಂಡೇಬಿಟ್ಟ. ಊರಿನವರೆಗೂ ಆ ಪೊಟ್ಟಣವನ್ನು ರುಮಾಲಿನಲ್ಲಿ, ಚೀಟಿಯ ಪಕ್ಕದಲ್ಲೇ, ಕಿರೀಟದ ಹಾಗೆ ಹೊತ್ತು ತಂದ.

ಮಲ್ಲಾಜಮ್ಮ ಕಂಬಕ್ಕೆ ಒರಗಿಯೇ ಇದ್ದಳು. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ಆಚೆ ಈಚೆ ಹೊರಳಿಸಿದಳು.

"ಏನಂದ್ರೆ, ಇದು ಪೆಪ್ಪರಮೆಂಟು."

"ಔಷಧ ಕಣಮ್ಮಿ ಅದು. ತಂಪಾಗ್ತಾ ಇಲ್ವಾ?"

"ತಂಪಾಗ್ತದೆ. ಜಾತ್ರೇಲಿ ತಿಂದಾಗ್ಲೂ ತಂಪಾಗಿತ್ತು. ಡಾಕ್ಟ್ರು ಪೆಪ್ಪರಮೆಂಟು ಬರ್ಕೊಟ್ಟಿದ್ರಾ? ಚೀಟಿ ತೋರಿಸಿದ್ರಾ?"

"ಚೀಟಿ ತೋರಿಸೋಕೆ ನಾನೇನು ನಿನ್ನೆ ಮೊನ್ನೆ ದಲ್ಲಾಳಿಯಾ?" ಎಂದು ಪುಟ್ಟಮಲ್ಲಪ್ಪ ಚಕ್ಕಳಮಕ್ಕಳ ಹಾಕಿ ಕೂತು, ಯಾವ ಯಾವ ಊರಲ್ಲಿ ಏನೇನು ಹೇಳಿ ಎಷ್ಟೆಷ್ಟು ಇಳಿಸಿದೆ ಎಂಬುದನ್ನು ಒಂದೂ ಬಿಡದೆ ವಿವರಿಸಿದ. ಸರ್ವಮಂಗಳ ಬಾಗಿಲ ಹಿಂದೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಮಲ್ಲಾಜಮ್ಮ ಪೂರ್ತಿ ಕೇಳಿದಳು. "ಕೆ.ಆರ್. ನಗರದಲ್ಲಿ ನಂಗೆ ಕೆಮ್ಮು. ಪಿರಿಯಾಪಟ್ಟಣಕ್ಕೆ ಬರೋ ಒತ್ಗೆ ಆ ಕೆಮ್ಮು ಪಕ್ಕದ ಮನೆಗೆ ಓಗದೆ. ಕೋಟೇಲಿ ಯಾರಿಗೋ ಕಿಚಕಿಚ. ಇನ್ನೊಂದು ಊರಿಗೆ ಓಗಿದ್ರೆ ಕಾಯ್ಲೆ ಪೂರಾ ವಾಸಿಯಾಗೋದು. ಅವ್ರೇ ನಿಮಗೆ ದುಡ್ಡು ಕೊಟ್ಟು ಕಳಿಸೋರು!"

ಹೇಳಿ ಅವಳೇ ನಗತೊಡಗಿದಳು. ಮಗಳೂ ನಕ್ಕಳು. ಪುಟ್ಟಮಲ್ಲಪ್ಪ ಮೀಸೆಯ ಒಂದು ತುದಿಯನ್ನು ಮಾತ್ರ ನಗಲು ಬಿಟ್ಟ. ಆದರೆ ಮಲ್ಲಾಜಮ್ಮನ ನಗು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನಗು ಕೆಮ್ಮಾಯಿತು, ಕೆಮ್ಮು ಸಿಳ್ಳೆಯಾಯಿತು. ಕಂಬ ಹಿಡಿದುಕೊಂಡು, ಭುಜ ಮೇಲೆತ್ತಿ, ಗಾಳಿಗಾಗಿ ಬಾಯಿ ತೆರೆದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತು. ಸರ್ವಮಂಗಳ ಬಿಸಿನೀರು ತರಲು ಓಡಿದಳು. ಪುಟ್ಟಮಲ್ಲಪ್ಪ ಟವಲು ತೆಗೆದು ಗಾಳಿ ಬೀಸಿದ, ಆಮೇಲೆ ಬೀಸುವುದನ್ನೂ ಮರೆತು ನಿಂತ. ಎಷ್ಟೋ ಎತ್ತಿನ ಏದುಸಿರನ್ನು ದೂರದಿಂದಲೇ ಕೇಳಿ, ಇದು ಬದುಕುವುದಿಲ್ಲ, ಕೊಳ್ಳಬೇಡಿ ಎಂದು ಹೇಳಿದ್ದ ಮನುಷ್ಯ ಅವನು. ಮನೆಯೊಳಗಿನ ಈ ಉಸಿರನ್ನು ಅವನು ಈವರೆಗೆ ಕಿವಿಗೊಟ್ಟು ಕೇಳಿರಲಿಲ್ಲ.

ಅವಳ ಉಸಿರು ಹದಕ್ಕೆ ಬಂದ ಮೇಲೆ, ಯಾರ ಕಡೆಯೂ ನೋಡದೆ, "ನಾಳೆ ಉಣಸೂರಿಗೆ ಓಗನ" ಎಂದ.

"ನಾನೂ ಬತ್ತೀನಿ. ನಿಮ್ಮ ಒಬ್ಬರನ್ನೇ ಬುಟ್ರೆ ಬರೋವಾಗ ಕಡ್ಲೆಪುರಿ ತತ್ತೀರಿ" ಎಂದಳು ಮಲ್ಲಾಜಮ್ಮ.

ಮಾರನೆಯ ದಿನ ಗಾಡಿ ಹುಣಸೂರು ಮುಟ್ಟುವ ಹೊತ್ತಿಗೆ ಹಳೆಯ ನೇಮ ಮತ್ತೆ ತಲೆ ಎತ್ತಿತು. "ಅಂಗಡಿ ಮುಂದೆ ಒಂಚೂರು ಕೆಮ್ಮು ತಡ್ಕೊ. ಕೆಮ್ಮಿದ್ರೆ ಬೆಲೆ ಏರ್ತದೆ."

"ತಡ್ಕೊಳೋಕೆ ಆಗೋದಿದ್ರೆ ಅಂಗಡಿಗೇ ಬರೋ ಕೆಲ್ಸ ಇರ್ತಿರಲಿಲ್ಲ."

ಕಂಠಪ್ಪ ಇಬ್ಬರನ್ನೂ ನೋಡಿ ಬೆಂಚು ತೋರಿಸಿದ. ಪುಟ್ಟಮಲ್ಲಪ್ಪ ಬೆಂಚಿನ ಮರ ಯಾವುದು ಎಂದು ವಿಚಾರಿಸತೊಡಗಿದ. ಮಲ್ಲಾಜಮ್ಮ ಗಂಡನ ರುಮಾಲಿಗೆ ನೇರವಾಗಿ ಕೈ ಹಾಕಿ, ಚೀಟಿ ಎಳೆದು, ಕಂಠಪ್ಪನ ಮುಂದಿಟ್ಟಳು. ರುಮಾಲು ಒಂದು ಕಡೆ ಜೋತುಬಿತ್ತು.

"ನೋಡಪ್ಪ, ಇವರು ದನದ ದಲ್ಲಾಳಿ. ನಾಲ್ಕೂರು ಸುತ್ತಿ ನನ್ನ ಕಾಯ್ಲೆನ ಪೆಪ್ಪರಮೆಂಟಿಗೆ ಇಳಿಸವ್ರೆ. ನಂಗೆ ಉಬ್ಬಸ. ರಾತ್ರಿ ಮಲಗಕಾಗಲ್ಲ. ಮಾಘದಲ್ಲಿ ಮಗಳ ಮದುವೆ, ನಾನು ಬೀಗರ ಪದ ಆಡಬೇಕು. ಬೇಕು ನಂಗೆ ಈ ಮಾತ್ರೆ. ಬೇಕೇ ಬೇಕು."

ಇಷ್ಟು ಬಹಿರಂಗವಾಗಿ ಗರಜು ತೋರಿಸಿದ್ದನ್ನು ಪುಟ್ಟಮಲ್ಲಪ್ಪ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಎತ್ತಿನ ಮೂಗುದಾರ ಕೈ ತಪ್ಪಿದವನಂತೆ ನೋಡಿದ.

ಕಂಠಪ್ಪ ನಾಲ್ಕೂರಿನ ಕಥೆ ಕೇಳಿ ಮೇಜು ಹಿಡಿದುಕೊಂಡು ನಕ್ಕ. "ಯಜಮಾನ್ರೇ, ಅವರು ಬೆಲೆ ಇಳಿಸಿಲ್ಲ. ನೀವು ಕಾಯಿಲೆ ಇಳಿಸಿದ ಹಾಗೆ ಅವರು ಔಷಧ ಬದಲಾಯಿಸಿದ್ದಾರೆ. ಹೋರಿ ಕೇಳಿದವನಿಗೆ ಹೋರಿ, ಕರು ಕೇಳಿದವನಿಗೆ ಕರು. ನೀವು ಕಡೆಗೆ ಕೋಳಿಮರಿ ಕೊಂಡಿದ್ದೀರಿ."

ದನದ ಭಾಷೆಯಲ್ಲಿ ಹೇಳಿದ ಮೇಲೆ ಪುಟ್ಟಮಲ್ಲಪ್ಪನಿಗೆ ಥಟ್ಟನೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಾಣದಿರಲಿ ಎಂದು ರುಮಾಲು ಸರಿಮಾಡಿಕೊಂಡ.

ಕಂಠಪ್ಪ ನಗು ನಿಲ್ಲಿಸಿ ಹೇಳಿದ: "ಡಾಕ್ಟ್ರು ಬರೆದಿರೋದು ಸೀಮೆ ಕಂಪನಿ ಮಾತ್ರೆ, ಹಡಗಲ್ಲಿ ಬರೋದು. ಅದೇ ಮದ್ದು ಇನ್ನೊಬ್ಬರು ಮಾಡಿ ದೊಡ್ಡ ಡಬ್ಬಿಯಲ್ಲಿ ಬಿಡಿಯಾಗಿ ಕಳಿಸ್ತಾರೆ. ಡಬ್ಬಿ ಮೇಲಿನ ಹೆಸರು ಬೇರೆ, ಒಳಗಿನ ಮದ್ದು ಒಂದೇ. ಡಾಕ್ಟ್ರು ಆಗಬಹುದು ಅಂತ ಚೀಟಿ ಮೇಲೆ ಬರೆದ್ರೆ ನಾನು ಎಣಿಸಿ ಕಟ್ಟಿಕೊಡ್ತೀನಿ. ತುಂಬ ಕಮ್ಮಿ ಬೀಳುತ್ತೆ. ಅವತ್ತೇ ಹೇಳೋಣ ಅಂತಿದ್ದೆ. ನೀವು ಬೀರು ಎತ್ಕೊಂಡು ಹೋಗೋ ಮಾತಾಡಿದ್ರಿ."

ಮಲ್ಲಾಜಮ್ಮ ಗಂಡನ ಕಡೆ ತಿರುಗಿದಳು. "ಬೀರಾ?"

ಪುಟ್ಟಮಲ್ಲಪ್ಪ ಬೀರುವನ್ನು ಬಿಟ್ಟು ಬೇರೆಲ್ಲ ಕಡೆ ನೋಡಿದ.

ಆಸ್ಪತ್ರೆ ಎದುರಿಗೇ ಇತ್ತು. ಡಾಕ್ಟರು ಹಳೆಯ ಹೆಸರಿಗೆ ಗೀಟು ಹಾಕಿ ಹೊಸದು ಬರೆದುಕೊಟ್ಟರು. ತಿರುಗಿ ಬಂದಾಗ ಕಂಠಪ್ಪ ಮೆಲ್ಲಗೆ, "ಈಗ ಹೇಳಿ ಯಜಮಾನ್ರೇ, ನಿಮ್ಮ ಕೈಲಿ ಎಷ್ಟಾಗುತ್ತೆ? ಸಾಲದಿದ್ರೆ ಮಿಕ್ಕಿದ್ದು ಮದುವೆ ಕಳೆದ ಮೇಲೆ ಕೊಡಿ" ಎಂದ.

ಪುಟ್ಟಮಲ್ಲಪ್ಪ ಬೆಂಚಿನ ಕಡೆ ನೋಡಿದ. ಬೆಂಚಿನ ತುದಿಯಲ್ಲಿ ಇಬ್ಬರು ಔಷಧಕ್ಕೆ ಕಾಯುತ್ತಿದ್ದರು, ಅವರಲ್ಲಿ ಒಬ್ಬ ಹೋದ ವರ್ಷ ಅವನಿಂದ ಎತ್ತು ಕೊಂಡವನು. ಹೆಂಡತಿಯ ಎದೆಯ ಸಿಳ್ಳೆ ಪಕ್ಕದಲ್ಲೇ ಕೇಳುತ್ತಿತ್ತು. ಕೈಲಾಗಲ್ಲ ಎನ್ನುವ ಒಂದು ಮಾತು, ಮೂವತ್ತು ವರ್ಷ ಗಂಟಲಲ್ಲಿ ಹೂತಿಟ್ಟದ್ದು, ಎಷ್ಟು ಎಳೆದರೂ ಮೇಲೆ ಬರಲಿಲ್ಲ.

ಆಮೇಲೆ ಅವನು ಹೆಗಲ ಮೇಲಿನ ಟವಲು ತೆಗೆದು, ಬಲಗೈ ಮೇಲೆ ಹೊದಿಸಿ, ಮೇಜಿನ ಮೇಲೆ ಚಾಚಿದ.

ಕಂಠಪ್ಪನಿಗೆ ಆ ಟವಲಿನ ಅರ್ಥ ತಿಳಿಯಿತು. ಅವನೂ ಹಳ್ಳಿಯಲ್ಲಿ ದನ ಕಟ್ಟಿದವರ ಮನೆಯ ಮಗ. ಕನ್ನಡಕ ಸರಿಮಾಡಿಕೊಂಡು, ಅಂಗಿ ತೋಳು ಮೇಲೆ ಸರಿಸಿ, ಟವಲಿನ ಕೆಳಗೆ ಕೈ ತೂರಿಸಿದ.

"ಈ ಸಲ ಮಂಜು ಜಾಸ್ತಿ" ಎಂದ ಪುಟ್ಟಮಲ್ಲಪ್ಪ.

"ಹೌದು, ಹುರುಳಿಗೆ ಒಳ್ಳೇದಲ್ಲ" ಎಂದ ಕಂಠಪ್ಪ.

ಟವಲು ಅಲುಗಿತು. ನಿಂತಿತು. ಕಂಠಪ್ಪನ ಹುಬ್ಬು ಮೇಲೇರಿ ಇಳಿಯಿತು. ಮತ್ತೊಮ್ಮೆ ಅಲುಗಿತು. ಬೆಂಚಿನವರು ಕತ್ತು ಚಾಚಿದರು. ಮಲ್ಲಾಜಮ್ಮನೂ ಚಾಚಿದಳು. ಕಡೆಗೆ ಕಂಠಪ್ಪ ತಲೆಯಾಡಿಸಿ ಕೈ ಹೊರಗೆ ತೆಗೆದು, ಡಬ್ಬಿ ಬಗ್ಗಿಸಿ ಮಾತ್ರೆ ಎಣಿಸತೊಡಗಿದ. ಪುಟ್ಟಮಲ್ಲಪ್ಪ ಟವಲಿನಿಂದ ಕಣ್ಣು ಮೂಗು ಒರೆಸಿಕೊಂಡು, ದೂಳು ಬಹಳ ಎಂದ.

"ಎಷ್ಟಕ್ಕೆ ಆಯ್ತು?" ಗಾಡಿ ಹತ್ತುತ್ತಲೇ ಮಲ್ಲಾಜಮ್ಮ ಕೇಳಿದಳು.

"ದನದ ಬೆಲೆ ಎಂಗಸ್ರಿಗೆ ಏಳೋ ಪದ್ಧತಿ ಇಲ್ಲ."

"ದನದ್ದಲ್ಲ, ನನ್ನ ಉಸಿರಿಂದು!"

"ಅದ್ಕೆ ಇನ್ನೂ ಇಲ್ಲ" ಎಂದು ಎತ್ತುಗಳಿಗೆ ಬಾರುಕೋಲು ತೋರಿಸಿದ.

ಮಾತ್ರೆ ಕೆಲಸ ಮಾಡಿತು. ಒಲೆಯ ಕೆಲಸ ಸರ್ವಮಂಗಳ ಹಿಡಿದಳು. ಬೆಳಿಗ್ಗೆ ಸಂಜೆ ಮಾತ್ರೆ ಕೊಡುವುದನ್ನು ಪುಟ್ಟಮಲ್ಲಪ್ಪ ತಾನೇ ಹಿಡಿದ. ಅದನ್ನೂ ಎತ್ತಲೋ ನೋಡುತ್ತ, "ಬೇಕಾದ್ರೆ ನುಂಗು" ಎಂದೇ ಕೊಡುತ್ತಿದ್ದ. ನುಂಗುವ ತನಕ ಮಾತ್ರ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಮಲ್ಲಾಜಮ್ಮ ಮಲಗಿ ನಿದ್ದೆ ಮಾಡಿದಳು. ಆಮೇಲೆ ಒಂದು ಸಾಲು ಹಾಡಿದಳು, ಆಮೇಲೆ ಎರಡು. ಮದುವೆ ಹತ್ತಿರ ಬಂದಾಗ ಹಿತ್ತಿಲಲ್ಲಿ ಒಂದು ಪೂರ್ತಿ ಪದ ಎತ್ತಿ ಇಳಿಸಿದಳು. ಕೊಟ್ಟಿಗೆಯಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ ಪುಟ್ಟಮಲ್ಲಪ್ಪ ಅದರ ಕೊರಳಿಗೆ ಹಣೆ ಆನಿಸಿ, ಪದ ಮುಗಿಯುವವರೆಗೂ ಹಾಗೆಯೇ ನಿಂತಿದ್ದ.

ಬೀಗರ ಪಂಕ್ತಿಯ ದಿನ ಚಪ್ಪರ ತುಂಬಿತ್ತು. ಶಿವನಂಜಮ್ಮ ಮೊದಲು ಎತ್ತಿದಳು. ಹೆಣ್ಣಿನ ತಂದೆಯ ಟವಲನ್ನೇ ಹಿಡಿದಳು: ಆ ಟವಲಿನ ಕೆಳಗೆ ಎತ್ತೂ ಹೋಯಿತು, ಎಮ್ಮೆಯೂ ಹೋಯಿತು, ನಮ್ಮ ಹುಡುಗನಿಗೆ ಕೊಟ್ಟ ಹೆಣ್ಣಿನ ಹಲ್ಲನ್ನು ಯಾರು ನೋಡಿದರೋ ಎಂದು. ಗಂಡಿನ ಕಡೆಯವರು ಎಲೆ ಬಡಿದು ನಕ್ಕರು. ಸರ್ವಮಂಗಳ ತಲೆ ಬಗ್ಗಿಸಿ ಅವ್ವನ ಕಡೆ ಓರೆಗಣ್ಣಲ್ಲಿ ನೋಡಿದಳು.

ಮಲ್ಲಾಜಮ್ಮ ಎದೆ ತುಂಬ ಉಸಿರು ತೆಗೆದುಕೊಂಡಳು. ಬೀಗರನ್ನು ಅವಳು ಮುಟ್ಟಲೇ ಇಲ್ಲ. ಅದೇ ಟವಲನ್ನು ತಾನೇ ಕಿತ್ತುಕೊಂಡು, ಗಂಡನ ನಾಲ್ಕೂರಿನ ಸವಾರಿಯನ್ನು ಹಾಡತೊಡಗಿದಳು. ಹುಣಸೂರಿನ ಬೀರು, ಕೆ.ಆರ್. ನಗರದ ಕೊಡೆ, ಪಿರಿಯಾಪಟ್ಟಣದ ಪಕ್ಕದ ಮನೆ, ಕೋಟೆಯ ಪೆಪ್ಪರಮೆಂಟು, ಒಂದೂ ಬಿಡಲಿಲ್ಲ. ಹೆಂಡತಿಯ ಉಸಿರಿಗೂ ಟವಲು ಹೊದಿಸಿ ಬೆಲೆ ಕಟ್ಟಿದ ಗಂಡ ನನ್ನವನು, ನಿಮ್ಮಲ್ಲಿ ಅಂಥವನು ಇದ್ದರೆ ತೋರಿಸಿ ಬೀಗಿತ್ತಿ ಎಂದು ನಿಲ್ಲಿಸಿದಳು. ಒಂದು ಕಡೆಯೂ ಉಸಿರು ಕಡಿಯಲಿಲ್ಲ.

ಪಂಕ್ತಿಯೇ ಎದ್ದು ಕುಣಿಯಿತು. ತಿರುಗಿ ಹಾಡಬೇಕಾದ ಶಿವನಂಜಮ್ಮ ನಗು ತಡೆಯಲಾರದೆ ಕಣ್ಣೊರೆಸಿಕೊಂಡಳು. ಬಾಯಿ ತೆರೆದರೆ ನಗು, ನಗು ನಿಂತರೆ ಕೆಮ್ಮು. ಎಲೆ ಎತ್ತುವ ಹೊತ್ತು ಬಂದರೂ ಪದ ಹೊರಡಲಿಲ್ಲ.

ನಾಚಿಕೆಯಿಂದ ಕಂಬದ ಮರೆಯಲ್ಲಿ ನಿಂತಿದ್ದ ಪುಟ್ಟಮಲ್ಲಪ್ಪ ಆಗ ಮುಂದೆ ಬಂದ. ರುಮಾಲಿನ ಸುತ್ತಿಗೆ ಕೈ ಹಾಕಿ, ಅಂದು ಮಿಕ್ಕಿದ್ದ ಬಿಲ್ಲೆಗಳ ಮುದುರಿದ ಪೊಟ್ಟಣ ತೆಗೆದು, ಎತ್ತಲೋ ನೋಡುತ್ತ ಬೀಗಿತ್ತಿಯ ಎಲೆಯ ಪಕ್ಕ ಇಟ್ಟ.

"ಗಂಟಲ ಕಿಚಕಿಚಕ್ಕೆ ಒಳ್ಳೇದು ತಾಯಿ. ಕೋಟೆ ಸರಕು" ಎಂದ. "ಬೆಲೆ ಮಾತ್ರ ಕೇಳ್ಬ್ಯಾಡಿ."